ವಾಘೋಲಿಯ ನೀಲಿ ಹರಳು: ಕ್ಯಾವನ್‌ಸೈಟ್ ಎಂಬ ಅಪರೂಪದ ಸಿಲಿಕೇಟ್‌ನ ಒಂದು ಪ್ರಕರಣ ಅಧ್ಯಯನ

ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಕಡೆ ಹೋಗುವ ರಸ್ತೆಯಲ್ಲಿ ವಾಘೋಲಿ ಸಿಗುತ್ತದೆ. 2021ರಲ್ಲಿ ಅದು ಪುಣೆ ಮಹಾನಗರ ಪಾಲಿಕೆಗೆ ಸೇರಿತು. ಈಗ ಅಲ್ಲಿ ಎತ್ತ ನೋಡಿದರೂ ಅಪಾರ್ಟ್‌ಮೆಂಟ್. ಅದಕ್ಕೂ ಮುಂಚೆ ಆ ಊರು ಹೆಸರಾಗಿದ್ದದ್ದು ಕಲ್ಲು ಕ್ವಾರಿಗಳಿಗೆ. ಬೆಳೆಯುತ್ತಿದ್ದ ಪುಣೆಗೆ ಬೇಕಾದ ಜಲ್ಲಿ ಅಲ್ಲಿಂದ ಲಾರಿಗಟ್ಟಲೆ ಹೋಗುತ್ತಿತ್ತು. 1980ರ ದಶಕದ ಕೊನೆಯಲ್ಲಿ ಈ ಕ್ವಾರಿಗಳ ಕಲ್ಲಿನ ಪೊಟರೆಗಳಲ್ಲಿ ಕಡು ನೀಲಿ ಬಣ್ಣದ ಪುಟ್ಟ ಗೊಂಚಲುಗಳು ಕಾಣಿಸಿಕೊಂಡವು. ಬಿಳಿ ಹರಳುಗಳ ಹಾಸಿನ ಮೇಲೆ ಕೂತ ನೀಲಿ ಹೂವಿನಂಥ ಗೊಂಚಲುಗಳು. ಅದು ಕ್ಯಾವನ್‌ಸೈಟ್. ಅಲ್ಲಿಯವರೆಗೆ ಅಮೆರಿಕದ ಒರೆಗಾನ್ ರಾಜ್ಯದ ಎರಡು ಜಾಗಗಳಲ್ಲಿ ಸಣ್ಣ ಸಣ್ಣ ಚೂರುಗಳಾಗಿ ಸಿಕ್ಕಿದ್ದ ಖನಿಜ ಅದು. ಇವತ್ತು ಜಗತ್ತಿನ ಮ್ಯೂಸಿಯಂಗಳಲ್ಲಿ ನೋಡಲು ಸಿಗುವ ಒಳ್ಳೆಯ ಕ್ಯಾವನ್‌ಸೈಟ್ ಹೆಚ್ಚೂಕಡಿಮೆ ಎಲ್ಲವೂ ವಾಘೋಲಿಯದ್ದೇ.

ಅಪರೂಪದ ಖನಿಜ ಅಂದ ತಕ್ಷಣ ಅದರಲ್ಲಿರುವ ಧಾತು ಅಪರೂಪ ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಿಲ್ಲ. ಕ್ಯಾವನ್‌ಸೈಟ್‌ಗೆ ಬೇಕಾದ ಎಲ್ಲಾ ಸಾಮಗ್ರಿಯೂ ಬಸಾಲ್ಟ್ ಎಂಬ ಕಪ್ಪು ಲಾವಾ ಕಲ್ಲಿನಲ್ಲಿ ಇದೆ. ಬೀದರ್‌ನ ಕಲ್ಲಿನಲ್ಲೂ ಇದೆ, ಬೆಳಗಾವಿಯ ಕಲ್ಲಿನಲ್ಲೂ ಇದೆ. ಅಪರೂಪವಾಗಿರುವುದು ಅವೆಲ್ಲ ಸರಿಯಾದ ಹೊತ್ತಿಗೆ, ಸರಿಯಾದ ಸ್ಥಿತಿಯಲ್ಲಿ ಒಂದೇ ಪೊಟರೆಯಲ್ಲಿ ಕೂಡಿಬರುವುದು. ಈ ಪ್ರಕರಣವನ್ನು ಆರಿಸಿಕೊಂಡದ್ದೇ ಅದಕ್ಕೆ.

ಒರೆಗಾನ್‌ನಲ್ಲಿ ಆದದ್ದು

ಒರೆಗಾನ್‌ನ ಮಲ್ಹ್ಯೂರ್ ಕೌಂಟಿಯಲ್ಲಿ ಓವೈಹೀ ಅಣೆಕಟ್ಟೆಯ ಬಳಿ, ಮತ್ತೆ ಕೊಲಂಬಿಯಾ ಕೌಂಟಿಯ ಗೋಬಲ್ ಎಂಬಲ್ಲಿ, 1960ರ ದಶಕದಲ್ಲಿ ಹವ್ಯಾಸಿ ಸಂಗ್ರಾಹಕರ ಕೈಗೆ ಒಂದು ನೀಲಿ ಖನಿಜ ಸಿಕ್ಕಿತು. ಎರಡೂ ಜ್ವಾಲಾಮುಖಿ ಕಲ್ಲಿನ ಜಾಗಗಳೇ. ಲಾಯ್ಡ್ ಸ್ಟೇಪಲ್ಸ್, ಹೊವಾರ್ಡ್ ಇವಾನ್ಸ್ ಮತ್ತು ಜೇಮ್ಸ್ ಲಿಂಡ್ಸೆ ಸೇರಿ 1973ರಲ್ಲಿ ಇದನ್ನು ಹೊಸ ಖನಿಜವೆಂದು ವಿವರಿಸಿ ಪ್ರಕಟಿಸಿದರು. ಕ್ಯಾಲ್ಸಿಯಂ, ವನೇಡಿಯಂ ಎಂಬ ಲೋಹ, ಸಿಲಿಕೇಟ್ (ಸಿಲಿಕಾನ್ ಮತ್ತು ಆಕ್ಸಿಜನ್ ಕೂಡಿದ ಖನಿಜ) ಈ ಮೂರರ ಮೊದಲ ಅಕ್ಷರಗಳನ್ನು ಜೋಡಿಸಿ ಹೆಸರಿಟ್ಟರು.

ಆದರೆ ಒಂದು ಹೊಸ ಖನಿಜ ಅಂತ ಶುರುವಾದದ್ದು ಎರಡಾಗಿ ಮುಗಿಯಿತು. ನೀಲಿ ಹರಳುಗಳಲ್ಲಿ ಕೆಲವು ಬೇರೆ ಆಕಾರದಲ್ಲಿದ್ದವು. ಅಡ್ಡ ಕತ್ತರಿಸಿ ನೋಡಿದರೆ ಐದು ಮೂಲೆಯ ನಕ್ಷತ್ರ! ಹರಳುಶಾಸ್ತ್ರ ಓದಿದವರು ಇಲ್ಲಿ ಹುಬ್ಬೇರಿಸಲೇಬೇಕು. ಮಾಮೂಲಿ ಹರಳಿನಲ್ಲಿ ಎರಡು, ಮೂರು, ನಾಲ್ಕು, ಆರು ಮಡಿಕೆಯ ಸಮಮಿತಿ (ಒಂದು ಸುತ್ತು ತಿರುಗಿಸುವಾಗ ಅಷ್ಟು ಸಲ ಮೊದಲಿನಂತೆಯೇ ಕಾಣುವುದು) ಇರಬಹುದು; ಐದು ಇರಲು ಸಾಧ್ಯವೇ ಇಲ್ಲ. ನಿಜ ಏನೆಂದರೆ ಅದು ಒಂದು ಹರಳಲ್ಲ. ಐದು ಹರಳುಗಳು ಒಂದಕ್ಕೊಂದು ಸುಮಾರು 72 ಡಿಗ್ರಿ ಕೋನದಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಬೆಳೆದಿವೆ. ಆ ಕೋನ ಐದು ಸಲ ಸೇರಿದರೆ ಹತ್ತಿರ ಹತ್ತಿರ ಒಂದು ಪೂರ್ತಿ ಸುತ್ತು. ಹಾಗಾಗಿ ಐದು ಮಡಿಕೆಯ ವೇಷ ಬಂದಿದೆ, ಅಷ್ಟೇ. ಈ ಎರಡನೆಯ ಖನಿಜಕ್ಕೆ ಪೆಂಟಗೊನೈಟ್ ಎಂದು ಹೆಸರಾಯಿತು.

ಎರಡರ ರಾಸಾಯನಿಕ ಸೂತ್ರವೂ ಒಂದೇ. ಒಂದು ಕ್ಯಾಲ್ಸಿಯಂ, ಒಂದು ವನೇಡಿಯಂ-ಆಕ್ಸಿಜನ್ ಜೋಡಿ, ನಾಲ್ಕು ಸಿಲಿಕಾನ್, ಹತ್ತು ಆಕ್ಸಿಜನ್, ಜೊತೆಗೆ ನಾಲ್ಕು ನೀರಿನ ಅಣು. ಅದೇ ಅಕ್ಕಿ, ಅದೇ ಉದ್ದು. ಒಂದು ಇಡ್ಲಿಯಾಯಿತು, ಇನ್ನೊಂದು ದೋಸೆ. ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ಎರಡರಲ್ಲೂ ಸಿಲಿಕಾನ್ ಮತ್ತು ಆಕ್ಸಿಜನ್ ಸೇರಿ ಪದರಗಳಾಗಿವೆ. ಕ್ಯಾವನ್‌ಸೈಟ್‌ನ ಪದರದಲ್ಲಿ ನಾಲ್ಕರ ಉಂಗುರ ಮತ್ತು ಎಂಟರ ಉಂಗುರ ಬೆರೆತಿವೆ. ಪೆಂಟಗೊನೈಟ್‌ನ ಪದರದಲ್ಲಿ ಬರೀ ಆರರ ಉಂಗುರ. ಪದರ ಪದರದ ನಡುವೆ ವನೇಡಿಯಂ ನಿಂತು ಎರಡನ್ನೂ ಹಿಡಿದುಕೊಂಡಿದೆ. ಉಳಿದ ಸಂದುಗಳಲ್ಲಿ ಕ್ಯಾಲ್ಸಿಯಂ ಮತ್ತು ನೀರು. ಈ ರಚನೆಯನ್ನು ಅದೇ 1973ರಲ್ಲಿ ಇವಾನ್ಸ್ ಬಿಡಿಸಿ ತೋರಿಸಿದರು.

ಒರೆಗಾನ್‌ನ ಮಾಲು ಅಲ್ಲಿಗೆ ಮುಗಿಯಿತು ಅನ್ನಬಹುದು. ಸಿಕ್ಕಿದ್ದು ತೀರಾ ಕಡಿಮೆ, ಹರಳುಗಳೂ ಚಿಕ್ಕವು.

ಪುಣೆಯಲ್ಲಿ ಮೊದಲೇ ಇದ್ದ ಸುಳಿವು

ಈಗ ಸ್ವಾರಸ್ಯದ ವಿಷಯ. 1974ರಲ್ಲಿ, ಅಂದರೆ ಒರೆಗಾನ್‌ನ ವರದಿ ಬಂದ ಮರುವರ್ಷವೇ, ಕ್ಯಾಲಿಫೋರ್ನಿಯಾದ ಖನಿಜಶಾಸ್ತ್ರಜ್ಞ ಜಾರ್ಜ್ ರಾಸ್‌ಮನ್ ಪುಣೆಯ ಹಸಿರು ಅಪೋಫಿಲೈಟ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಪೋಫಿಲೈಟ್ ಸಾಮಾನ್ಯವಾಗಿ ಬಣ್ಣವಿಲ್ಲದ ಅಥವಾ ಬಿಳಿ ಖನಿಜ. ಪುಣೆಯ ಕೆಲವು ಮಾದರಿಗಳು ಮಾತ್ರ ಎಳೆ ಹಸಿರು. ಈ ಹಸಿರು ಎಲ್ಲಿಂದ ಬಂತು ಅಂತ ಬೆಳಕಿನ ರೋಹಿತ ಹಿಡಿದು ನೋಡಿದಾಗ ಸಿಕ್ಕ ಉತ್ತರ ವನೇಡಿಯಂ. ಅದೂ ಕ್ಯಾವನ್‌ಸೈಟ್‌ನಲ್ಲಿ ಇರುವ ಸ್ಥಿತಿಯಲ್ಲೇ: ನಾಲ್ಕು ವಿದ್ಯುದಂಶದ (ಅಂದರೆ ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ) ವನೇಡಿಯಂ ಒಂದು ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿದುಕೊಂಡ ಸ್ಥಿತಿ. ಇದಕ್ಕೆ ವನೇಡಿಲ್ ಅನ್ನುತ್ತಾರೆ.

ಅಂದರೆ ಪುಣೆ ಸುತ್ತಿನ ಕಲ್ಲಿನ ಪೊಟರೆಗಳಲ್ಲಿ ಒಂದು ಕಾಲಕ್ಕೆ ವನೇಡಿಲ್ ಬೆರೆತ ನೀರು ಓಡಾಡಿತ್ತು ಅನ್ನುವುದಕ್ಕೆ ಸಾಕ್ಷಿ ಆಗಲೇ ಕೈಯಲ್ಲಿತ್ತು. ಅದೇ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಸಿಲಿಕಾ ಇದ್ದವು ಎಂಬುದಕ್ಕೂ ಅಪೋಫಿಲೈಟೇ ಸಾಕ್ಷಿ. ಎರಡು ವರದಿಗಳನ್ನು ಪಕ್ಕ ಪಕ್ಕ ಇಟ್ಟು ಓದಿದ್ದರೆ ಪುಣೆಯಲ್ಲಿ ಕ್ಯಾವನ್‌ಸೈಟ್ ಹುಡುಕಬಹುದು ಅಂತ ಊಹಿಸಲು ಆಗುತ್ತಿತ್ತಲ್ವಾ? ಈಗ ಹಿಂದಕ್ಕೆ ತಿರುಗಿ ಹೇಳುವುದು ಸುಲಭ, ಗೊತ್ತು. ಆದರೂ ಬಣ್ಣವನ್ನು ಸುಮ್ನೆ ಚೆಂದಕ್ಕೆ ಅಂತ ಬಿಟ್ಟುಬಿಡಬಾರದು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಕಂಡಿಲ್ಲ.

ವನೇಡಿಯಂ ಬಂದದ್ದು ಎಲ್ಲಿಂದ

ಡೆಕ್ಕನ್ ಟ್ರ್ಯಾಪ್ ಅಂದರೆ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಹಾಸುಗಳು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಜಾಗದಲ್ಲಿ ಹರಡಿವೆ. ಒಂದರ ಮೇಲೊಂದು ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್ ಕಲ್ಲು. ಬಸಾಲ್ಟ್‌ನಲ್ಲಿ ವನೇಡಿಯಂ ಇರುವುದು ಮಾಮೂಲು: ಹತ್ತು ಲಕ್ಷ ಪಾಲಿನಲ್ಲಿ ಸುಮಾರು 300 ಪಾಲು. ಒಂದು ಟನ್ ಕಲ್ಲಿಗೆ ಸುಮಾರು 300 ಗ್ರಾಂ. ಕಡಿಮೆ ಏನಲ್ಲ.

ಆದರೆ ಅದು ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಬಹುಪಾಲು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದೊಳಗೆ, ಕಬ್ಬಿಣದ ಜಾಗದಲ್ಲಿ ಸೇರಿಕೊಂಡು ಕೂತಿರುತ್ತದೆ. ಅಲ್ಲಿ ಅದರ ವಿದ್ಯುದಂಶ ಮೂರು. ಲಾವಾ ತಣ್ಣಗಾದ ಮೇಲೆ ಬಿಸಿ ನೀರು ಬಿರುಕುಗಳಲ್ಲಿ ಓಡಾಡುತ್ತದೆ. ಗಾಜಿನಂಥ ಭಾಗ, ಮ್ಯಾಗ್ನಟೈಟ್ ಎಲ್ಲ ನಿಧಾನಕ್ಕೆ ಕೊಳೆಯುತ್ತವೆ. ಆಗ ವನೇಡಿಯಂ ಹೊರಬರುತ್ತದೆ.

ಹೊರಬಂದ ಮೇಲೆ ಅದರ ಗತಿ ಏನು ಅನ್ನುವುದು ನೀರಿನಲ್ಲಿರುವ ಆಕ್ಸಿಜನ್ ಮೇಲೆ ನಿಂತಿದೆ. ಆಕ್ಸಿಜನ್ ತೀರಾ ಕಡಿಮೆ ಇದ್ದರೆ ವನೇಡಿಯಂ ಮೂರರ ಸ್ಥಿತಿಯಲ್ಲೇ ಉಳಿದು, ನೀರಿಗೆ ಇಳಿಯದೆ ಅಲ್ಲೇ ಜೇಡಿಯಲ್ಲೋ ಕಬ್ಬಿಣದ ಜೊತೆಗೋ ಸಿಕ್ಕಿಕೊಳ್ಳುತ್ತದೆ. ಜಾಸ್ತಿ ಇದ್ದರೆ ಐದರ ಸ್ಥಿತಿಗೆ ಹೋಗಿ, ನೀರಿನಲ್ಲಿ ಚೆನ್ನಾಗಿ ಕರಗಿ, ದೂರ ಹರಿದು ಹೋಗಿಬಿಡುತ್ತದೆ. ಇವೆರಡರ ನಡುವಿನ ಕಿರಿದಾದ ಅವಕಾಶದಲ್ಲಿ ಮಾತ್ರ ನಾಲ್ಕರ ಸ್ಥಿತಿ, ಅಂದರೆ ವನೇಡಿಲ್, ಬಾಳುತ್ತದೆ. ಡಿಗ್ರಿಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಪ್ರಯೋಗಾಲಯದ ಈ ಬಣ್ಣಗಳು ನೆನಪಿರಬಹುದು: ವನೇಡಿಯಂ ದ್ರಾವಣ ಐದರಲ್ಲಿ ಹಳದಿ, ನಾಲ್ಕರಲ್ಲಿ ನೀಲಿ, ಮೂರರಲ್ಲಿ ಹಸಿರು, ಎರಡರಲ್ಲಿ ನೇರಳೆ. ಕ್ಯಾವನ್‌ಸೈಟ್‌ನ ನೀಲಿಯೂ ಆ ನಾಲ್ಕರ ನೀಲಿಯೇ.

ಹಾಗಾದರೆ ವಾಘೋಲಿಯಲ್ಲಿ ಆಗಿರುವುದು ಇಷ್ಟು. ಲಾವಾ ಹಾಸಿನ ಒಡೆದು ಚೂರಾದ, ಸಂದುಗೊಂದು ಜಾಸ್ತಿ ಇರುವ ಭಾಗದಲ್ಲಿ ನೀರು ಓಡಾಡಲು ದಾರಿ ಇತ್ತು. ಮೊದಲು ಹ್ಯುಲಾಂಡೈಟ್, ಸ್ಟಿಲ್ಬೈಟ್ ಥರದ ಜಿಯೋಲೈಟ್‌ಗಳು (ಅಲ್ಯೂಮಿನಿಯಂ, ಸಿಲಿಕಾನ್, ನೀರು ಕೂಡಿದ ಖನಿಜಗಳು) ಪೊಟರೆಯ ಗೋಡೆಗೆ ಹತ್ತಿಕೊಂಡು ಬೆಳೆದವು. ಹೆಚ್ಚಿನ ಮಾದರಿಗಳಲ್ಲಿ ಕ್ಯಾವನ್‌ಸೈಟ್ ಕೂತಿರುವುದು ಸ್ಟಿಲ್ಬೈಟ್ ಮೇಲೆ. ಮೇಲೆ ಕೂತದ್ದು ನಂತರ ಬಂದದ್ದು ಎಂಬುದು ಪೊಟರೆಗಳನ್ನು ಓದುವ ಮೊದಲ ನಿಯಮ. ಅಂದರೆ ನೀರಿನ ಓಡಾಟದ ಕೊನೆಯ ಹಂತಗಳಲ್ಲಿ, ಅಲ್ಯೂಮಿನಿಯಂ ಬೇಕಾದ ಜಿಯೋಲೈಟ್‌ಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ, ಅಲ್ಯೂಮಿನಿಯಂ ಬೇಡದ ಕ್ಯಾವನ್‌ಸೈಟ್ ಹುಟ್ಟಿದೆ. ಸೂತ್ರವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಅಲ್ಯೂಮಿನಿಯಂ ಇಲ್ಲವೇ ಇಲ್ಲ. ಅಪೋಫಿಲೈಟ್‌ನಲ್ಲೂ ಇಲ್ಲ. ಈ ಹೋಲಿಕೆ ಆಕಸ್ಮಿಕ ಅಂತ ನನಗನ್ನಿಸುವುದಿಲ್ಲ.

ಇನ್ನೊಂದು ಮಾತು. ಈ ಪೊಟರೆ ಖನಿಜಗಳೆಲ್ಲ ಲಾವಾದಷ್ಟೇ ಹಳೆಯವು ಅಂದುಕೊಳ್ಳುವವರು ಬಹಳ ಜನ. ಡೆಕ್ಕನ್‌ನ ಕೆಲವು ಅಪೋಫಿಲೈಟ್‌ಗಳ ವಯಸ್ಸನ್ನು ಅಳೆದಾಗ ಅವು ಲಾವಾಕ್ಕಿಂತ ಕೋಟಿಗಟ್ಟಲೆ ವರ್ಷ ಚಿಕ್ಕವು ಎಂದು ಗೊತ್ತಾಗಿದೆ. ಕಲ್ಲು ತಣ್ಣಗಾಗಿ ಎಷ್ಟೋ ಕಾಲದ ಮೇಲೂ ಒಳಗೆ ನೀರಿನ ಕೆಲಸ ನಡೆದೇ ಇತ್ತು.

ಗುರುತು ಹಿಡಿಯುವುದು

ಕಣ್ಣಿಗೆ ಕಂಡದ್ದು ನೀಲಿ. ಅದು ಕ್ಯಾವನ್‌ಸೈಟೇ ಅಂತ ಹೇಳುವುದು ಹೇಗೆ? ನೀಲಿ ಖನಿಜ ಅಂದರೆ ಭೂವಿಜ್ಞಾನದ ವಿದ್ಯಾರ್ಥಿಗೆ ಮೊದಲು ಹೊಳೆಯುವುದು ತಾಮ್ರ, ಅದರಲ್ಲೂ ಅಜುರೈಟ್. ಗೀಚಿ ನೋಡೋಣ ಅಂದರೆ ಪ್ರಯೋಜನವಿಲ್ಲ. ಕ್ಯಾವನ್‌ಸೈಟ್ ಗಡಸುತನ ಮೋಸ್ ಮಾಪಕದಲ್ಲಿ 3ರಿಂದ 4, ಅಜುರೈಟ್‌ನದು 3.5ರಿಂದ 4. ಇಬ್ಬರೂ ಒಂದೇ ಬೆಂಚಿನವರು. ಆಸಿಡ್ ಹಾಕಿದರೆ ಅಜುರೈಟ್ ನೊರೆ ಬಿಡುತ್ತದೆ, ಕ್ಯಾವನ್‌ಸೈಟ್ ಬಿಡುವುದಿಲ್ಲ. ಆದರೆ ವಾಘೋಲಿಯ ಪೊಟರೆಗಳಲ್ಲಿ ಪಕ್ಕದಲ್ಲೇ ಕ್ಯಾಲ್ಸೈಟ್ ಇರುತ್ತದೆ, ಅದೂ ಬುಸ್ ಅನ್ನುತ್ತದೆ. ನೊರೆ ಯಾವುದರದ್ದು ಅಂತ ನೋಡದೆ ತೀರ್ಮಾನ ಮಾಡಿದರೆ ಎಡವಟ್ಟು.

ನಂಬಬಹುದಾದ ಸುಲಭ ಪರೀಕ್ಷೆ ಸಾಂದ್ರತೆ. ಕ್ಯಾವನ್‌ಸೈಟ್‌ನದು 2.2ರಿಂದ 2.3. ಅಜುರೈಟ್‌ನದು ಸುಮಾರು 3.8. ಬ್ರೋಮೋಫಾರ್ಮ್ ಎಂಬ ಭಾರದ ದ್ರವದಲ್ಲಿ ಒಂದು ಕಣ ಹಾಕಿದರೆ ಕ್ಯಾವನ್‌ಸೈಟ್ ತೇಲುತ್ತದೆ, ಅಜುರೈಟ್ ಮುಳುಗುತ್ತದೆ. ಬ್ರೋಮೋಫಾರ್ಮ್ ವಿಷ, ಮನೆಯಲ್ಲಿ ಮಾಡುವ ಆಟವಲ್ಲ. ಫ್ಯೂಮ್ ಹುಡ್ ಇರುವ ಲ್ಯಾಬ್‌ನಲ್ಲೇ ಆಗಬೇಕು. ಸೂಕ್ಷ್ಮದರ್ಶಕ ಇದ್ದರೆ ಇನ್ನೂ ಚೆಂದ. ಧ್ರುವೀಕೃತ ಬೆಳಕಿನಲ್ಲಿ ವೇದಿಕೆ ತಿರುಗಿಸಿದರೆ ಹರಳು ಒಂದು ದಿಕ್ಕಿನಲ್ಲಿ ಕಡು ನೀಲಿ, ಇನ್ನೊಂದು ದಿಕ್ಕಿನಲ್ಲಿ ಹೆಚ್ಚೂಕಡಿಮೆ ಬಣ್ಣವೇ ಇಲ್ಲ. ವನೇಡಿಯಂ ಮತ್ತು ಅದರ ಆಕ್ಸಿಜನ್ನಿನ ಬಂಧಗಳು ಹರಳಿನಲ್ಲಿ ಒಂದು ಕ್ರಮದಲ್ಲಿ ಸಾಲುಗಟ್ಟಿರುವುದರಿಂದ ಹೀಗೆ. ವಕ್ರೀಭವನ ಸೂಚ್ಯಂಕ 1.54ರಿಂದ 1.55ರ ಆಸುಪಾಸು; ಅಜುರೈಟ್‌ನದು 1.73ಕ್ಕಿಂತ ಮೇಲೆ.

ಕ್ಯಾವನ್‌ಸೈಟೋ ಪೆಂಟಗೊನೈಟೋ ಅನ್ನುವ ಪ್ರಶ್ನೆಗೆ ಇವು ಯಾವುವೂ ಸಾಲವು. ಅನುಭವಿ ಕಣ್ಣು ಹೇಳಬಲ್ಲದು: ಕ್ಯಾವನ್‌ಸೈಟ್ ಒತ್ತಾದ ಗೊಂಚಲಾಗಿ ಬೆಳೆಯುತ್ತದೆ, ಪೆಂಟಗೊನೈಟ್ ಉದ್ದನೆಯ ಚಪ್ಪಟೆ ಕಡ್ಡಿಗಳಾಗಿ, ಬಿಡಿಬಿಡಿಯಾಗಿ. ವಾಘೋಲಿಯಲ್ಲಿ ಎರಡೂ ಸಿಕ್ಕಿವೆ, ಎರಡನೆಯದು ತುಂಬಾ ಕಡಿಮೆ. ಖಾತ್ರಿ ಬೇಕಾದರೆ ಎಕ್ಸ್-ರೇ ಮಾಡಿಸಬೇಕು. ಕ್ಯಾವನ್‌ಸೈಟ್‌ನಲ್ಲಿ ಸುಮಾರು 7.96 ಆಂಗ್‌ಸ್ಟ್ರಾಮ್‌ಗೆ (ಪರಮಾಣುಗಳ ನಡುವಿನ ಅಂತರ ಅಳೆಯುವ ಮಾನ) ಬರುವ ಗೆರೆ ಪೆಂಟಗೊನೈಟ್‌ನಲ್ಲಿ 8.3ರ ಹತ್ತಿರ ಸರಿಯುತ್ತದೆ.

ಇಲ್ಲಿ ಮೈಸೂರಿನ ಕೊಂಡಿ ಬರುತ್ತದೆ. ವಾಘೋಲಿಯ ಕ್ಯಾವನ್‌ಸೈಟ್ ಮೇಲೆ ಎಕ್ಸ್-ರೇ, ಉಷ್ಣ ಮತ್ತು ಅವಗೆಂಪು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿ 2001ರಲ್ಲಿ ಪ್ರಕಟಿಸಿದವರು ಪುಣೆಯ ಕೆ. ಬಿ. ಪವಾರ್ ಮತ್ತು ಮೈಸೂರು ವಿಶ್ವವಿದ್ಯಾಲಯದ ಕೆ. ಬೈರಪ್ಪ. ಬೈರಪ್ಪನವರು ಮುಂದೆ ಮಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಅವರ ಮುಖ್ಯ ಕೆಲಸ ಹೈಡ್ರೋಥರ್ಮಲ್ ವಿಧಾನ, ಅಂದರೆ ಬಿಗಿಯಾಗಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ನೀರನ್ನು ಒತ್ತಡ ಕೊಟ್ಟು ಕಾಯಿಸಿ ಅದರೊಳಗೆ ಹರಳು ಬೆಳೆಸುವುದು. ಬಸಾಲ್ಟ್ ಪೊಟರೆಯಲ್ಲಿ ನಡೆದದ್ದೂ ಬಿಸಿ ನೀರಿನಿಂದ ಹರಳು ಬೆಳೆಯುವ ಕೆಲಸವೇ. ಒಬ್ಬ ಭೂವಿಜ್ಞಾನಿ, ಒಬ್ಬ ಹರಳು ಬೆಳೆಸುವವರು ಒಂದೇ ಖನಿಜದ ಮುಂದೆ ಕೂತದ್ದು ಸರಿಯಾಗಿಯೇ ಇದೆ.

ಉಷ್ಣ ಪರೀಕ್ಷೆ ಯಾಕೆ ಮುಖ್ಯ ಅಂದರೆ, ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ ಕ್ಯಾವನ್‌ಸೈಟ್ ತೂಕದಲ್ಲಿ ನೂರಕ್ಕೆ ಸುಮಾರು 16 ಪಾಲು ನೀರೇ. ಉಳಿದದ್ದರಲ್ಲಿ ಸಿಲಿಕಾ 53, ವನೇಡಿಯಂ ಆಕ್ಸೈಡ್ 18, ಕ್ಯಾಲ್ಸಿಯಂ ಆಕ್ಸೈಡ್ 12 ಪಾಲು. ಕಾಯಿಸುತ್ತಾ ಹೋದರೆ ನೀರು ಒಂದೇ ಸಲಕ್ಕೆ ಹೋಗುವುದಿಲ್ಲ, ಹಂತ ಹಂತವಾಗಿ ಹೋಗುತ್ತದೆ. ಎಲ್ಲಾ ನೀರಿನ ಅಣುಗಳೂ ಒಂದೇ ಥರ ಕಟ್ಟಿಹಾಕಿಕೊಂಡಿಲ್ಲ ಅನ್ನುವುದನ್ನು ಇದು ಹೇಳುತ್ತದೆ. ಜಿಯೋಲೈಟ್‌ಗಳಲ್ಲೂ ಹೀಗೇ. ಆದರೆ ಕ್ಯಾವನ್‌ಸೈಟ್ ಜಿಯೋಲೈಟ್ ಅಲ್ಲ. ಅದು ಪದರ ಸಿಲಿಕೇಟ್. ಅಂಗಡಿಯವರು ಎಲ್ಲವನ್ನೂ ಜಿಯೋಲೈಟ್ ಅನ್ನುತ್ತಾರೆ. ಅಪೋಫಿಲೈಟನ್ನೂ ಹಾಗೇ ಕರೆಯುತ್ತಾರೆ. ಅದೂ ತಪ್ಪೇ.

ಕ್ವಾರಿ ಮತ್ತು ಮಾರುಕಟ್ಟೆ

ಜಲ್ಲಿ ಕ್ವಾರಿಗೆ ಬೇಕಾದದ್ದು ಗಟ್ಟಿ ಕಲ್ಲು. ಪೊಟರೆ ತುಂಬಿದ, ಜಿಯೋಲೈಟ್ ಸೇರಿದ ಕಲ್ಲು ಕಾಂಕ್ರೀಟಿಗೆ ಒಗ್ಗುವುದಿಲ್ಲ. ಲಾವಾ ಹಾಸಿನ ನಡುಭಾಗ ಗಟ್ಟಿ, ಮೇಲುಭಾಗ ಗುಳ್ಳೆಗುಳ್ಳೆ. ಕ್ರಷರ್ ಬೇಡ ಅನ್ನುವ ಆ ಮೇಲುಭಾಗದಲ್ಲೇ ಸಂಗ್ರಾಹಕನ ಸಂಪತ್ತು. ಪುಣೆ ಸುತ್ತ ಖನಿಜ ಕೊಳ್ಳುವವರು ಇದ್ದದ್ದರಿಂದ ಕ್ವಾರಿಯ ಕೆಲಸಗಾರರ ಕಣ್ಣು ಪಳಗಿತ್ತು. ಯಾವ ಚೂರನ್ನು ಪಕ್ಕಕ್ಕಿಡಬೇಕು ಅಂತ ಅವರಿಗೆ ಗೊತ್ತಿತ್ತು. ಪಶ್ಚಿಮ ಘಟ್ಟದಲ್ಲಿ ರೈಲು ಹಾದಿ ಕಡಿಯುತ್ತಿದ್ದ 19ನೇ ಶತಮಾನದಿಂದಲೂ ಈ ಭಾಗದ ಜಿಯೋಲೈಟ್‌ಗಳು ಯುರೋಪಿನ ಮ್ಯೂಸಿಯಂಗಳಿಗೆ ಹೋಗುತ್ತಿವೆ. ಬೋರ್ ಘಾಟ್ ಹಾದಿಯ ಮಾದರಿಗಳು ಇಂದಿಗೂ ಪ್ರಸಿದ್ಧ. ಆ ಹಳೆಯ ಅಭ್ಯಾಸ ಇರದಿದ್ದರೆ ವಾಘೋಲಿಯ ನೀಲಿ ಪುಣೆಯ ಯಾವುದೋ ಅಡಿಪಾಯದೊಳಗೆ ಸೇರಿಹೋಗಿರುತ್ತಿತ್ತು. ಒಂದಷ್ಟು ಹಾಗೆ ಹೋಗಿಯೂ ಇರಬಹುದು.

ಬೆಲೆ ಬಂದ ಮೇಲೆ ನಕಲಿಯೂ ಬಂತು. ಹರಳಿಗೇ ಬಣ್ಣ ಬಳಿಯುವುದಕ್ಕಿಂತ ಜಾಸ್ತಿ ನಡೆಯುವುದು ಅಂಟಿಸುವ ಕೆಲಸ. ಬಿದ್ದುಹೋದ ನಿಜವಾದ ಕ್ಯಾವನ್‌ಸೈಟ್ ಗೊಂಚಲನ್ನು ನಿಜವಾದ ಸ್ಟಿಲ್ಬೈಟ್ ಮೇಲೆ ಗೋಂದು ಹಾಕಿ ಕೂರಿಸುತ್ತಾರೆ. ಎರಡೂ ಅಸಲಿ, ಜೋಡಿ ಮಾತ್ರ ಸುಳ್ಳು. ಕೊಳ್ಳುವವರು ಬುಡ ನೋಡಬೇಕು. ಹರಳು ಹುಟ್ಟಿದ ಜಾಗದಲ್ಲಿ ಅದರ ಕಡ್ಡಿಗಳು ಕೆಳಗಿನ ಹರಳುಗಳ ಸಂದಿನೊಳಗೆ ಇಳಿದಿರುತ್ತವೆ. ಅಂಟಿಸಿದ್ದರೆ ಸುತ್ತ ಹೊಳೆಯುವ ಒಂದು ತೆಳು ಅಂಚು. ನೇರಳಾತೀತ ದೀಪದಲ್ಲಿ ಎಷ್ಟೋ ಗೋಂದುಗಳು ಬೆಳಗಿ ಸಿಕ್ಕಿಬೀಳುತ್ತವೆ. ಒಂದು ಹನಿ ಅಸಿಟೋನ್ ಹಾಕಿದರೆ ಕೆಲವು ಗೋಂದು ಮೆತ್ತಗಾಗುತ್ತವೆ.

ಒಡವೆ ಮಾಡಿಸುತ್ತೇನೆ ಅನ್ನುವವರಿಗೆ ಒಂದೇ ಮಾತು: ಬೇಡ. 3ರಿಂದ 4 ಗಡಸುತನದ, ಸುಲಭವಾಗಿ ಸೀಳುವ ಹರಳು ಉಂಗುರದಲ್ಲಿ ಬಾಳುವುದಿಲ್ಲ. ಧ್ಯಾನಕ್ಕೆ, ಗಂಟಲಿನ ಚಕ್ರಕ್ಕೆ ಒಳ್ಳೆಯದು ಅಂತ ಆನ್‌ಲೈನ್‌ನಲ್ಲಿ ಮಾರುವವರಿದ್ದಾರೆ. ಅದಕ್ಕೆ ಯಾವ ಆಧಾರವೂ ಇಲ್ಲ.

ನ್ಯೂಜಿಲೆಂಡ್ ಮತ್ತು ಬ್ರೆಜಿಲ್‌ನ ಜ್ವಾಲಾಮುಖಿ ಕಲ್ಲುಗಳಲ್ಲೂ ಸ್ವಲ್ಪ ಕ್ಯಾವನ್‌ಸೈಟ್ ಸಿಕ್ಕಿದೆ. ಗಾತ್ರದಲ್ಲಾಗಲಿ ಪ್ರಮಾಣದಲ್ಲಾಗಲಿ ವಾಘೋಲಿಗೆ ಸಾಟಿಯಿಲ್ಲ.

ನಮ್ಮ ಕಡೆಯ ಕಲ್ಲು

ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಭಾಗದಲ್ಲಿ ಎರೆ ಹೊಲದ ಕೆಳಗೆ ಇರುವುದೂ ಇದೇ ಡೆಕ್ಕನ್ ಬಸಾಲ್ಟ್. ಗೋಳಗುಮ್ಮಟ ಕಟ್ಟಿರುವುದೂ ಅದೇ ಕಲ್ಲಿನಲ್ಲಿ. ಹಾಗಾದರೆ ಇಲ್ಲಿ ಯಾಕೆ ಈ ನೀಲಿಯ ಹೆಸರಿಲ್ಲ? ಒಂದು ಕಾರಣ ದಪ್ಪ. ಪಶ್ಚಿಮ ಘಟ್ಟದ ಕಡೆ ಲಾವಾ ರಾಶಿ ಬಲು ದಪ್ಪ. ನಮ್ಮಲ್ಲಿ ಟ್ರ್ಯಾಪ್‌ನ ಅಂಚು, ಅದಕ್ಕೇ ತೆಳು. ಮೇಲಿನ ಭಾರ ಕಡಿಮೆ ಆದಷ್ಟೂ ಒಳಗಿನ ಬಿಸಿ ಕಡಿಮೆ, ಬಿಸಿ ನೀರು ಕೆಲಸ ಮಾಡುವ ಅವಧಿಯೂ ಕಡಿಮೆ. ಬೀದರ್ ಕಡೆಯಂತೂ ಮೇಲ್ಭಾಗ ಎಷ್ಟೋ ಕಡೆ ಕೊಳೆತು ಕೆಂಪು ಜಂಬಿಟ್ಟಿಗೆಯಾಗಿದೆ. ಅಲ್ಲಿ ಆಕ್ಸಿಜನ್ ಹೊಕ್ಕು ಬಹಳ ಕಾಲವಾಗಿದೆ, ನಾಲ್ಕರ ವನೇಡಿಯಂ ಉಳಿಯುವ ಮಾತಿಲ್ಲ.

ಇನ್ನೊಂದು ಕಾರಣ ನೋಡುವವರಿಲ್ಲದಿರುವುದು. ಇದು ನನ್ನ ಅನಿಸಿಕೆ, ಆದರೆ ಗಟ್ಟಿಯಾದ ಅನಿಸಿಕೆ. ಪುಣೆಯಲ್ಲಿ ಇರುವಂತೆ ಕ್ವಾರಿಯಿಂದ ಕ್ವಾರಿಗೆ ತಿರುಗುವ ವ್ಯಾಪಾರಿಗಳು ನಮ್ಮ ಕಡೆ ಇಲ್ಲ. ಉತ್ತರ ಕರ್ನಾಟಕದ ಕಾಲೇಜುಗಳ ಭೂವಿಜ್ಞಾನ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಾಜೆಕ್ಟ್ ಆಗಬಲ್ಲದು. ಕೇಳಬೇಕಾದದ್ದು ನೀಲಿ ಸಿಕ್ಕಿತಾ ಅಂತಲ್ಲ. ಜಂಬಿಟ್ಟಿಗೆಯ ಕೆಳಗಿನ ತಾಜಾ ಕಲ್ಲಿನಲ್ಲಿ, ಹಾಸುಗಳ ಮೇಲುಭಾಗದಲ್ಲಿ ಯಾವ ಯಾವ ಪೊಟರೆ ಖನಿಜ, ಯಾವುದರ ಮೇಲೆ ಯಾವುದು ಅಂತ. ಕ್ವಾರಿಯವರ ಒಪ್ಪಿಗೆ ಪಡೆದು, ಸ್ಫೋಟದ ಹೊತ್ತು ತಪ್ಪಿಸಿ, ಕಡಿದಾದ ಗೋಡೆಯ ಬುಡಕ್ಕೆ ಹೋಗದೆ, ಕ್ರಷರ್‌ನವರು ಬೇಡವೆಂದು ಎಸೆದ ರಾಶಿಯಲ್ಲೇ ನೋಡಬಹುದು. ಅಪೋಫಿಲೈಟ್ ಅಥವಾ ಸ್ಟಿಲ್ಬೈಟ್‌ನಲ್ಲಿ ಸ್ವಲ್ಪ ಹಸಿರು ಛಾಯೆ ಕಂಡರೂ ಸಾಕು. ಆ ಚೂರನ್ನು, ಅದು ಬಂದ ಜಾಗ ಮತ್ತು ಹಾಸಿನ ಗುರುತು ಬರೆದಿಟ್ಟು, ವನೇಡಿಯಂ ಪರೀಕ್ಷೆಗೆ ಕಳಿಸಬೇಕು.